ಗಡಿಯಾರದ ಬೆಸೆದ ಕಡ್ಡಿ

ಹೋದ ದೀಪಾವಳಿಗೆ ಬಂದಾಗ ನೀವಿಬ್ಬರು ಮೊಮ್ಮಕ್ಕಳೂ ಅಜ್ಜನನ್ನು ಸುಟ್ಟ ಜಾಗ ಯಾವುದು ಎಂದು ಕೇಳಿದಿರಿ. ನಾನು ಒಲೆಯ ಕಡೆ ತಿರುಗಿ ರೊಟ್ಟಿ ಬಡಿಯತೊಡಗಿದೆ. ನನಗೆ ಎದುರಿಗೆ ಕುಳಿತು ಮಾತಾಡಲು ಬರುವುದಿಲ್ಲ. ಕಬ್ಬೂರಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತೆ. ಅಲ್ಲಿಯೂ ಉತ್ತರ ಗೊತ್ತಿದ್ದರೆ ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆನೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಓದಿದ ಮೇಲೆ ನನ್ನ ಮೇಲೆ ಸಿಟ್ಟು ಬಂದರೆ ಬರಲಿ.

ಅಜ್ಜ ಇಪ್ಪತ್ತು ವರ್ಷಕ್ಕೂ ಮೇಲೆ ಮಿಲಿಟರಿಯಲ್ಲಿದ್ದರು. ಎರಡು ಸಾವಿರದ ಇಸವಿ ದಾಟಿದ ಮೇಲೆ ಪಿಂಚಣಿ ಪಡೆದು, ಸದಲಗಾದ ಹತ್ತಿರ ಹೊಳೆದಂಡೆಯ ನಮ್ಮೂರಿಗೆ ಬಂದು ನೆಲೆಸಿದರು. ಒಂದು ಕಬ್ಬಿಣದ ಟ್ರಂಕು, ಎರಡು ಕಂಬಳಿ, ಒಂದು ಸ್ವೆಟರು ತಂದಿದ್ದರು. ಕೈಯಲ್ಲೊಂದು ಗಡಿಯಾರವಿತ್ತು. ಅದು ಸರ್ಕಾರ ಕೊಟ್ಟದ್ದಲ್ಲ. ಅವರಿಗಿಂತ ಮೊದಲು ನಿವೃತ್ತನಾದ ಹಿರಿಯನೊಬ್ಬನಿಂದ ಕೊಂಡದ್ದು. ಕಪ್ಪು ಮುಖದ, ಗಟ್ಟಿ ಉಕ್ಕಿನ ಗಡಿಯಾರ. ಹಿಂಬದಿಗೆ ತಮ್ಮ ಮಿಲಿಟರಿ ನಂಬರನ್ನು ಕೊರೆಸಿಕೊಂಡಿದ್ದರು.

ಆದರೆ ಅಜ್ಜನಿಗೆ ಗಡಿಯಾರಕ್ಕಿಂತ ಅದಕ್ಕೆ ಪಟ್ಟಿ ಕೂಡಿಸಿದ ರೀತಿಯ ಮೇಲೆಯೇ ಹೆಚ್ಚು ಅಭಿಮಾನ. ಎಲ್ಲರ ಗಡಿಯಾರಗಳಿಗೆ ಮೇಲೊಂದು, ಕೆಳಗೊಂದು ಸಣ್ಣ ಕಡ್ಡಿ ಇರುತ್ತದೆ. ಅದರೊಳಗೆ ಸ್ಪ್ರಿಂಗ್ ಇರುತ್ತದೆ. ಉಗುರಿನಿಂದ ಒತ್ತಿದರೆ ಕಡ್ಡಿ ಹೊರಗೆ ಬರುತ್ತದೆ, ಪಟ್ಟಿ ಬಿಡುತ್ತದೆ. ಅಜ್ಜನ ಗಡಿಯಾರದಲ್ಲಿ ಆ ಎರಡು ಕಡ್ಡಿಗಳನ್ನೂ ಉಕ್ಕಿಗೆ ಬೆಸೆದುಬಿಟ್ಟಿದ್ದರು. ಯಾರೂ ತೆಗೆಯುವಂತಿರಲಿಲ್ಲ. ಹಾಗಾಗಿ ಅದಕ್ಕೆ ಎರಡು ತುಂಡಿನ ಪಟ್ಟಿ ಕೂಡುತ್ತಿರಲಿಲ್ಲ. ಉದ್ದನೆಯ, ದಪ್ಪ ನೈಲಾನ್ ದಾರದ ಒಂದೇ ಪಟ್ಟಿ ಮೇಲಿನ ಕಡ್ಡಿಯ ಸಂದಿನಲ್ಲಿ ಹೊಕ್ಕು, ಗಡಿಯಾರದ ಬೆನ್ನಿನ ಕೆಳಗೆ ಹಾದು, ಕೆಳಗಿನ ಕಡ್ಡಿಯ ಸಂದಿನಿಂದ ಹೊರಗೆ ಬರುತ್ತಿತ್ತು. ಪಟ್ಟಿಯ ಅಂಚಿನ ಎಳೆ ಬಿಚ್ಚಿಕೊಂಡರೆ ಅಜ್ಜ ಕಡ್ಡಿಪೆಟ್ಟಿಗೆ ತರಿಸಿ, ಕಡ್ಡಿ ಗೀರಿ, ಎಳೆಯನ್ನು ಸುಟ್ಟು, ಬೆರಳಿನಿಂದ ಒತ್ತುತ್ತಿದ್ದರು.

ಬಂದ ಹೊಸದರಲ್ಲಿ ಒಂದು ದಿನ ನನ್ನ ಮುಂದೆ ಕೈ ಚಾಚಿದರು.

“ಎಳಿ. ಗಡಿಯಾರ ಹಿಡಿದು ಎಳಿ.”

“ನನಗ ಕೆಲಸ ಐತ್ರಿ.”

“ಆಮ್ಯಾಲ ಮಾಡೀಯಂತ. ಎಳಿ ಅಂದ್ರ ಎಳಿ.”

ಎಳೆದೆ. ಅವರ ಕೈ ನನ್ನ ಕಡೆ ಬಂತೇ ಹೊರತು ಗಡಿಯಾರ ಬರಲಿಲ್ಲ.

“ನೋಡಿದಿ? ಗುಡ್ಡದಾಗ ಹಗ್ಗ ಹಿಡಕೊಂಡು ಇಳೀಬೇಕು, ಕಂಟಿಯಾಗ ತೆವಳಬೇಕು. ಎಲ್ಲಿ ಸಿಕ್ಕೊಂಡ್ರೂ ಬಿಡಂಗಿಲ್ಲ ಇದು. ಸ್ಪ್ರಿಂಗ್ ಕಡ್ಡಿ ಇದ್ರ ಒಂದ ಪೆಟ್ಟಿಗೆ ಟಣ್ಣಂತ ಹಾರಿ ಹೊಕ್ಕೈತಿ. ಇದು ಹೋಗಬೇಕಂದ್ರ ಕೈನ ಹೋಗಬೇಕು.”

“ಸುಡ್ಲಿ, ಎಂಥಾ ಮಾತ ಆಡ್ತೀರಿ,” ಎಂದು ನಾನು ಎದ್ದು ಹೋದೆ.

ಈ ಎಳೆಯುವ ಆಟವನ್ನು ಅವರು ಊರಿನ ಎಲ್ಲರಿಂದಲೂ ಆಡಿಸಿದರು. ನನ್ನ ಮೈದುನ, ಅಂದರೆ ನಿಮ್ಮ ಸಣ್ಣಜ್ಜ, ಆಗ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಜೋಳ ಬೀಸಲು ಸರದಿ ಕಾಯುತ್ತಿದ್ದವರ ಮುಂದೆ ಅಜ್ಜ ಕೈ ಚಾಚುತ್ತಿದ್ದರು. ಸಣ್ಣಜ್ಜ ಗಿರಣಿಯ ಸಪ್ಪಳದ ಮೇಲೆ ಧ್ವನಿ ಏರಿಸಿ, “ಎಳೀರಿ, ಎಳೀರಿ! ಎತ್ತು ಹೂಡಿದ್ರೂ ಬರೂದಿಲ್ಲದು!” ಎಂದು ಕೂಗುತ್ತಿದ್ದರು. ಅಣ್ಣನ ಮಾತೆಂದರೆ ಅವರಿಗೆ ಅಷ್ಟು ನಂಬಿಕೆ.

ಮುಂದೆ ನಿಮ್ಮ ಅವ್ವನಿಗೆ ನಿಪ್ಪಾಣಿಯ ಸಂಬಂಧ ಗೊತ್ತಾಯಿತು. ನಿಶ್ಚಯದ ದಿನ ಬೀಗರು ಜೀಪಿನಲ್ಲಿ ಬಂದರು. ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದಾಗ ನಿಮ್ಮ ನಿಪ್ಪಾಣಿಯ ಅಜ್ಜಿ ಅಜ್ಜನ ಕೈ ನೋಡಿ ನಕ್ಕರು.

“ಏನ್ರಿ ಬೀಗರ, ಗಡಿಯಾರಕ್ಕ ಪಾಯಜಾಮಾದ ಲಾಡಿ ಕಟ್ಟೀರಿ? ಓಡಿ ಹೊಕ್ಕೈತೇನ್ರಿ ಅದು?”

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಅಜ್ಜನೇ ನಕ್ಕರು.

“ಹೌದ್ರಿ ಬೀಗತಿ, ಓಡಿ ಹೋಗಬಾರದಂತನ ಕಟ್ಟೀನಿ.”

ಅದು ಬೀಗರ ಚೇಷ್ಟೆಯ ಮಾತು, ಅಷ್ಟೇ. ಅವರು ಆ ಮಾತನ್ನು ಅಲ್ಲಿಯೇ ಮರೆತಿರಬೇಕು. ಅವರ ಮೇಲೆ ನನ್ನದೇನೂ ದೂರಿಲ್ಲ, ನೀವೂ ಅವರನ್ನು ಏನೂ ಕೇಳಬೇಡಿ. ಬಾಗಿಲ ಹಿಂದೆ ನಿಂತಿದ್ದ ನಾನು ಮರೆಯಲಿಲ್ಲ. ಮಾಸಿದ ಹಸಿರು ಪಟ್ಟಿ, ಸುಟ್ಟು ಕಪ್ಪಾದ ಅದರ ಅಂಚು, ಎಲ್ಲವೂ ಅವತ್ತು ಮೊದಲ ಸಲ ನನ್ನ ಕಣ್ಣಿಗೆ ಬಿತ್ತು. ಲಗ್ನದಲ್ಲಿ ಹೆಣ್ಣಿನ ತಂದೆಯ ಕೈಯನ್ನು ಎಲ್ಲರೂ ನೋಡುತ್ತಾರೆ. ಆ ಕೈಯಿಂದಲೇ ಧಾರೆ ಎರೆಯಬೇಕು.

ಅಜ್ಜ ಗಡಿಯಾರ ತೆಗೆಯುತ್ತಿದ್ದದ್ದು ಪಟ್ಟಿ ಒಗೆಯುವ ದಿನ ಮಾತ್ರ. ಅಂಥ ಒಂದು ದಿನ ಅವರು ಪಟ್ಟಿಯನ್ನು ತಂತಿಗೆ ಒಣ ಹಾಕಿ, ಗಡಿಯಾರವನ್ನು ಗೂಡಿನಲ್ಲಿಟ್ಟು, ಲಗ್ನದ ಕರೆಯೋಲೆ ಕೊಡಲು ರಾಯಬಾಗದ ಕಡೆಗೆ ಹೋದರು. ನಾನು ಗಡಿಯಾರವನ್ನು ಸೆರಗಿನಲ್ಲಿ ಕಟ್ಟಿಕೊಂಡು, ಬಳೆ ತರುತ್ತೇನೆಂದು ಹೇಳಿ ಚಿಕ್ಕೋಡಿಯ ಬಸ್ಸು ಹತ್ತಿದೆ. ನಾನು ಒಬ್ಬಳೇ ಪೇಟೆಗೆ ಹೋದದ್ದು ಅದೇ ಮೊದಲು.

ಗಡಿಯಾರ ರಿಪೇರಿ ಮಾಡುವವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

“ಅಕ್ಕಾರ, ಇದಕ್ಕ ಚೈನು ಕೂಡೂದಿಲ್ರಿ. ಕಡ್ಡಿ ಬೆಸದಾರ. ಇದು ಮಿಲಿಟರಿ ಮಾಲು.”

ನಾನು ಗಾಜಿನ ಪೆಟ್ಟಿಗೆಯೊಳಗಿನ ಬಂಗಾರದ ಬಣ್ಣದ ಚೈನಿನ ಮೇಲೆ ಬೆರಳಿಟ್ಟೆ.

“ಹಾಕಬೇಕಂದ್ರ ಈ ಕಡ್ಡಿ ಕತ್ತರಿಸಬೇಕ್ರಿ. ತೂತು ಹೊಡದು ಸ್ಪ್ರಿಂಗ್ ಕಡ್ಡಿ ಹಾಕಬೇಕು. ಒಮ್ಮೆ ಕತ್ತರಿಸಿದ್ರ ಮತ್ತ ಮೊದಲಿನಂಗ ಆಗೂದಿಲ್ಲ. ಮನ್ಯಾಗ ಕೇಳಿಕೊಂಡು ಬಂದೀರಿ?”

“ಹೂಂ,” ಎಂದೆ.

“ಸಾಹೇಬರ ಹೂಂ ಅಂದಾರ?”

“ಹೂಂ.”

ಅವನು ಸಣ್ಣ ಗರಗಸ ತೆಗೆದ. ಕಡ್ಡಿ ಗಟ್ಟಿಯಿತ್ತು. ಗರಗಸ ಎರಡು ಸಲ ಜಾರಿತು. “ಏನ್ ಜೀವ ಐತಿರಿ ಇದಕ್ಕ,” ಎಂದು ತನ್ನಷ್ಟಕ್ಕೆ ಅಂದುಕೊಂಡ. ಕತ್ತರಿಸಿದ ಎರಡು ಚೂರುಗಳನ್ನು ನನ್ನ ಕೈಗೆ ಕೊಡಲು ಬಂದ. ಬೇಡವೆಂದೆ. ಅವನು ಅವನ್ನು ಟೇಬಲಿನ ಕೆಳಗೆ ಒಗೆದುಬಿಟ್ಟ.

ಸಂಜೆ ಅಜ್ಜ ಗೂಡಿನಿಂದ ಗಡಿಯಾರ ತೆಗೆದುಕೊಂಡರು. ನಾನು ಹಿತ್ತಿಲಲ್ಲಿ ಎಮ್ಮೆಗೆ ನೀರಿಡುತ್ತ ನಿಂತಿದ್ದೆ. ಆಮೇಲೆ ಹಿತ್ತಿಲ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಚೈನು ಹೊಳೆಯುತ್ತಿತ್ತು.

“ನೀ ಹಾಕಿಸಿದಿ?”

ನಾನು ತಲೆ ಎತ್ತಲಿಲ್ಲ.

“ಆತು ಬಿಡು. ಲಗ್ನದಾಗ ಮದುಮಗನಿಗಿಂತ ನಾನ ಚಂದ ಕಾಣ್ತೀನಿ.”

ಬೈದಿದ್ದರೆ ಚೆನ್ನಾಗಿತ್ತು. ನಾನು ಕಡ್ಡಿ ಕತ್ತರಿಸಿದ ವಿಷಯವನ್ನು ಅವರು ಯಾರಿಗೂ ಹೇಳಲಿಲ್ಲ. ಲಗ್ನದಲ್ಲಿ ಸಣ್ಣಜ್ಜ ಚೈನು ನೋಡಿ, “ಅಣ್ಣಾ, ಬಂಗಾರ ಹಾಕಿಸಿದೆಲ್ಲೋ!” ಎಂದಾಗಲೂ ನಕ್ಕು, “ನಿಮ್ಮ ವೈನಿ ಕೊಡಿಸ್ಯಾಳ,” ಎಂದು ನನ್ನ ಕಡೆ ಕೈ ತೋರಿಸಿದರಷ್ಟೇ. ಒಳಗಿನ ಕಡ್ಡಿ ಬದಲಾಗಿದೆ ಎಂಬುದು ಸಣ್ಣಜ್ಜನಿಗೆ ಹೊಳೆಯಲೇ ಇಲ್ಲ. ಗಿರಣಿಯ ಮುಂದಿನ ಎಳೆಯುವ ಆಟ ಮಾತ್ರ ಆವತ್ತಿನಿಂದ ನಿಂತುಹೋಯಿತು. ಎರಡು ಸಲ ಕಡ್ಡಿ ಹಾರಿ ಗಡಿಯಾರ ನೆಲಕ್ಕೆ ಬಿತ್ತು. ಒಮ್ಮೆ ಬಾವಿಯ ಹಗ್ಗ ಸೇದುವಾಗ, ಒಮ್ಮೆ ಮೇವಿನ ಹೊರೆ ಇಳಿಸುವಾಗ. ಎರಡು ಸಲವೂ ಅಜ್ಜ ಮಣ್ಣಿನಲ್ಲಿ ಹುಡುಕಿ, ಕಡ್ಡಿ ಸಿಕ್ಕಿಸಿ, ಮತ್ತೆ ಕಟ್ಟಿಕೊಂಡರು. ಮಳೆಗಾಲ ಮುಗಿಯಲಿ, ಕೊಲ್ಲಾಪುರಕ್ಕೆ ಒಯ್ದು ಬೆಸುಗೆ ಹಾಕಿಸಿಕೊಂಡು ಬರುತ್ತೇನೆ ಎನ್ನುತ್ತಿದ್ದರು.

ಆ ಮಳೆಗಾಲದಲ್ಲಿ ನಮ್ಮ ದೂಧಗಂಗಾ ಹೊಳೆ ಊರೊಳಗೆ ಬಂತು. ಕೆಳಗಿನ ಓಣಿಯವರೆಲ್ಲ ಶಾಲೆಗೆ ಹೋಗಿದ್ದರು. ಒಬ್ಬರ ಮೂರು ಎಮ್ಮೆ ಗೂಟದಲ್ಲೇ ಉಳಿದು ಒದರುತ್ತಿದ್ದವು. ಮಧ್ಯಾಹ್ನ ಅಜ್ಜ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗಿಳಿದರು. ಹಗ್ಗದ ಇನ್ನೊಂದು ತುದಿಯನ್ನು ಸಣ್ಣಜ್ಜ ಮತ್ತು ನಾಲ್ಕು ಜನ ಹಿಡಿದಿದ್ದರು. ಎರಡು ಎಮ್ಮೆ ಈಜಿ ಬಂದವು. ಮೂರನೆಯದರ ಹತ್ತಿರ ಹೋಗಲು ಹಗ್ಗ ಸಾಲಲಿಲ್ಲ. ಅಜ್ಜ ಹಗ್ಗ ಬಿಚ್ಚಿದರು. ಸಣ್ಣಜ್ಜ ಬೇಡವೆಂದು ಒದರುತ್ತಲೇ ಇದ್ದರಂತೆ. ಹಗ್ಗ ಹಗುರಾಗಿ ಕೈಗೆ ಬಂತು ಎಂದು ಅವರು ಆಮೇಲೆ ಹೇಳಿದರು. ಎಮ್ಮೆಯೂ ಬರಲಿಲ್ಲ, ಅಜ್ಜನೂ ಬರಲಿಲ್ಲ.

ನೀರು ಇಳಿದ ಮೇಲೆ, ಹನ್ನೆರಡನೆಯ ದಿನವೋ ಏನೋ, ರಾಯಬಾಗದ ಕಡೆಯ ಒಂದು ಊರಿನಿಂದ ಪೊಲೀಸರು ಹೇಳಿಕಳಿಸಿದರು. ನಮ್ಮ ಹೊಳೆ ಕೃಷ್ಣೆಗೆ ಕೂಡಿ ಆ ಕಡೆಗೇ ಹರಿಯುತ್ತದೆ. ಅಲ್ಲಿ ಕಬ್ಬಿನ ಗದ್ದೆಯಲ್ಲಿ ಒಂದು ಹೆಣ ಸಿಕ್ಕಿತ್ತು. ನಾನು ಮತ್ತು ಸಣ್ಣಜ್ಜ ಹೋದೆವು. ನಿಮ್ಮ ಅವ್ವ ಆಗ ನಿಮ್ಮಲ್ಲಿ ದೊಡ್ಡವನ ಬಸುರಿ. ಅವಳನ್ನು ಕರೆದೊಯ್ಯಲಿಲ್ಲ.

ಹತ್ತಿರ ಹೋಗಬೇಡಿ ಎಂದು ನನ್ನನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿದರು. ಮುಖ ಗುರುತು ಸಿಗುವಂತಿರಲಿಲ್ಲ, ಮೈಮೇಲೆ ಬಟ್ಟೆಯೂ ಇರಲಿಲ್ಲ. ಈಗಿನಂತೆ ರಕ್ತ ತೆಗೆದು ಪರೀಕ್ಷೆ ಮಾಡುವ ಮಾತನ್ನು ಯಾರೂ ಎತ್ತಲಿಲ್ಲ. ಹೆಣಕ್ಕೆ ಹೊದಿಸಿದ್ದ ತಾಡಪತ್ರಿಯ ಕೆಳಗಿನಿಂದ ಎರಡು ಪಾದಗಳಷ್ಟೇ ನನಗೆ ಕಂಡವು. ಉಬ್ಬಿದ, ಬಿಳಚಿದ ಪಾದ. ಹೆಬ್ಬೆರಳು ಹೊರಕ್ಕೆ ತಿರುಗಿತ್ತು. ಅಜ್ಜನದೂ ಹೊರಕ್ಕೆ ತಿರುಗಿತ್ತು. ಆದರೆ ಬೂಟು ಹಾಕಿದ ಎಷ್ಟೋ ಜನರದು ಹಾಗಿರುತ್ತದೆ.

ಸಣ್ಣಜ್ಜ ಮೂಗಿಗೆ ಟವೆಲ್ ಒತ್ತಿಕೊಂಡು ನೋಡಿ ಬಂದರು. ಅವರ ಕಣ್ಣಲ್ಲಿ ನೀರಿನ ಜೊತೆಗೆ ಒಂದು ಬಗೆಯ ಸಂತೋಷವಿತ್ತು.

“ನಮ್ಮಣ್ಣ ಅಲ್ರಿ ಸಾಹೇಬ್ರ.”

“ಹೆಂಗ ಹೇಳ್ತಿ?” ಎಂದರು ಪೊಲೀಸ್ ಸಾಹೇಬರು.

“ಕೈಯಾಗ ಗಡಿಯಾರ ಇಲ್ರಿ. ನೀರಿಗಿಳಿಯೂ ಮುಂದ ಕಟ್ಟಿಕೊಂಡಿದ್ದ, ಹಗ್ಗ ಬಿಗಿಯೂ ಮುಂದ ನಾನ ನೋಡೀನಿ. ಅದು ಮಿಲಿಟರಿ ಗಡಿಯಾರ, ಕಡ್ಡಿ ಬೆಸದಾರ. ಎತ್ತು ಹೂಡಿ ಎಳೆದ್ರೂ ಬಿಡಂಗಿಲ್ಲ. ಈ ಮನಶ್ಯಾನ ಎರಡೂ ಕೈ ನೆಟ್ಟಗ ಅದಾವು. ಗಡಿಯಾರ ಎಲ್ಲಿ ಹೋತು? ಹೌದಿಲ್ರಿ, ವೈನಿ?”

ಸಾಹೇಬರು ನನ್ನ ಕಡೆ ತಿರುಗಿದರು. “ಹೌದೇನಮ್ಮ? ಗಡಿಯಾರ ಹಂಗ ಬಿಚ್ಚೂದಿಲ್ಲೇನು?”

ಅಲ್ಲಿ ಹತ್ತು ಹದಿನೈದು ಗಂಡಸರಿದ್ದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸಾಹೇಬರೇ, ಆ ಕಡ್ಡಿ ಈಗಿಲ್ಲ, ನಾನೇ ಕತ್ತರಿಸಿ ಹಾಕಿಸಿದೆ, ಈಗಿನದು ಬಾವಿಯ ಹಗ್ಗ ತಾಗಿದರೂ ಹಾರಿಹೋಗುತ್ತದೆ. ಇಷ್ಟು ಹೇಳಬೇಕಿತ್ತು. ಅಷ್ಟು ಜನರ ಮುಂದೆ ಬಾಯಿ ಬಿಡುವ ನಾಚಿಕೆ ಅದನ್ನು ತಡೆಯಿತು ಎಂದು ನಾನು ಬಹಳ ವರ್ಷ ನನಗೇ ಹೇಳಿಕೊಂಡಿದ್ದೇನೆ. ಅದು ಪೂರ್ತಿ ನಿಜವಲ್ಲ. ಗಂಡನಿಗೆ ಕೇಳದೆ ಮಾಡಿದ ಕೆಲಸ ಹೊರಗೆ ಬರುತ್ತದೆ ಎಂಬ ಅಂಜಿಕೆಯೂ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಕಡ್ಡಿ ಇನ್ನೂ ಬೆಸೆದೇ ಇದೆ ಎಂದಾದರೆ ಅಲ್ಲಿ ಮಲಗಿದವರು ಅವರಲ್ಲ ಎಂದಾಗುತ್ತಿತ್ತು. ಅವರು ಎಲ್ಲೋ ಬದುಕಿದ್ದಾರೆ ಎಂದಾಗುತ್ತಿತ್ತು. ಸಣ್ಣಜ್ಜನ ಮುಖ ನೋಡಿದೆ. ಆ ಮುಖದಲ್ಲಿದ್ದದ್ದು ನನಗೂ ಬೇಕಾಗಿತ್ತು.

“ಹೌದ್ರಿ,” ಎಂದೆ.

ಸಾಹೇಬರು ಬರೆದುಕೊಂಡರು. ವಾರಸುದಾರರಿಲ್ಲದ ಹೆಣವೆಂದು ಅದನ್ನು ಹೊಳೆದಂಡೆಯ ಹತ್ತಿರ ಹೂಳಿದರು. ನಮ್ಮಲ್ಲಿ ಸುಡುತ್ತಾರೆ.

ಆಮೇಲೆ ಏಳು ವರ್ಷ. ಕಾಣೆಯಾದವರನ್ನು ಸತ್ತರೆಂದು ತಿಳಿಯಲು ಕೋರ್ಟಿಗೆ ಅಷ್ಟು ವರ್ಷ ಬೇಕು ಎಂದು ಚಿಕ್ಕೋಡಿಯ ವಕೀಲರು ಹೇಳಿದ್ದರು. ಅಲ್ಲಿಯವರೆಗೆ ನಾನು ಹಣೆಗೆ ಕುಂಕುಮ, ಕೈಗೆ ಹಸಿರು ಬಳೆ ಹಾಕಿಕೊಂಡೇ ಇದ್ದೆ. ಸೀಮಂತಕ್ಕೋ ಕೂಸಿಗೆ ಹೆಸರಿಡುವ ಬಾರಸಿಗೋ ಹೋದರೆ ಉಡಿ ತುಂಬುವ ಹೊತ್ತಿಗೆ ಹೆಂಗಸರು ಅಕ್ಕಿಯ ತಟ್ಟೆ ಹಿಡಿದು ನನ್ನ ಮುಂದೆ ನಿಂತುಬಿಡುತ್ತಿದ್ದರು. ತುಂಬಬೇಕೋ ಬಿಡಬೇಕೋ ಅವರಿಗೆ ತಿಳಿಯುತ್ತಿರಲಿಲ್ಲ. ಒಮ್ಮೆ ಒಬ್ಬಾಕೆ ನನಗೆ ಕೇಳುವಂತೆಯೇ ಅಂದಳು, “ಮುಂದ ಹೋಗಬೇ. ಅಕೀದು ಇನ್ನಾ ಕೋರ್ಟಿನ್ಯಾಗ ಐತಿ.” ಕೆಲವರು ನಕ್ಕರು. ನಾನು ಹೋಗುವುದನ್ನು ಬಿಟ್ಟೆ. ಮನೆಯಲ್ಲಿ ಮುಂಜಾನೆ ಕನ್ನಡಿಯ ಮುಂದೆ ಕುಂಕುಮ ಹಚ್ಚುವುದನ್ನು ಮಾತ್ರ ಬಿಡಲಿಲ್ಲ. ನಾನು ಯಾರಿಗೆ ಮೋಸ ಮಾಡುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು.

ಏಕೆಂದರೆ ಸಣ್ಣಜ್ಜ ಹುಡುಕುವುದನ್ನು ನಿಲ್ಲಿಸಲಿಲ್ಲ. ಮಿರಜ ಸ್ಟೇಷನ್ನಿನಲ್ಲಿ ಗಡ್ಡ ಬಿಟ್ಟ ಒಬ್ಬರು ಮಿಲಿಟರಿಯವರ ಹಾಗೆ ನಡೆಯುತ್ತಾರೆ ಎಂದು ಯಾರೋ ಹೇಳಿದರೆ ಗಿರಣಿ ಮುಚ್ಚಿ ಹೊರಟುಬಿಡುತ್ತಿದ್ದರು. ಪಂಢರಪುರಕ್ಕೆ ಹೋದರು, ಅಥಣಿ ದಾಟಿ ಬಿಜಾಪುರದವರೆಗೆ ಹೋದರು. ಕಾಗವಾಡದ ಹತ್ತಿರ ಯಾರೋ ಬುದ್ಧಿ ಸರಿಯಿಲ್ಲದವರನ್ನು ಎರಡು ದಿನ ಕಾದು ಕುಳಿತು ನೋಡಿ ಬಂದರು. ಪ್ರತಿ ಸಲವೂ ನಾನು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟೆ. ಪ್ರತಿ ಸಲವೂ ಅವರು ಹೊಸ್ತಿಲಲ್ಲಿ ಕುಳಿತು ನೀರು ಕುಡಿದು, “ಅಣ್ಣ ಅಲ್ಲ, ವೈನಿ,” ಎಂದರು. ಅವರ ಕೂದಲು ಆ ವರ್ಷಗಳಲ್ಲೇ ಬೆಳ್ಳಗಾಯಿತು. ಹಿಟ್ಟು ಹತ್ತಿದೆ ಎಂದು ನಾನು ಮೊದಮೊದಲು ಅಂದುಕೊಂಡಿದ್ದೆ.

ಹೇಳಲು ಎಷ್ಟೋ ದಿನಗಳಿದ್ದವು. ಒಂದು ವರ್ಷ ಹೇಳದೆ ಇದ್ದ ಮೇಲೆ ಎರಡನೆಯ ವರ್ಷ ಹೇಳುವುದು ಇನ್ನೂ ಕಷ್ಟ. ಮೂರು, ನಾಲ್ಕು ಆದ ಮೇಲೆ ಮೊದಲು ಏನು ಹೇಳಬೇಕು ಎಂಬುದೇ ತಿಳಿಯುವುದಿಲ್ಲ.

ಕೋರ್ಟಿನ ಕಾಗದ ಬಂತು. ದೇಹ ಸಿಗದವರಿಗೆ ಮಾಡುವ ಹಾಗೆ ದರ್ಭೆಯ ಬೊಂಬೆ ಮಾಡಿ, ತಲೆಯ ಜಾಗದಲ್ಲಿ ತೆಂಗಿನಕಾಯಿ ಇಟ್ಟು, ಅಜ್ಜನ ಸ್ವೆಟರು ಹೊದಿಸಿದರು. ಭಟ್ಟರು ಇನ್ನೇನು ಎತ್ತಬೇಕು ಎನ್ನುವಾಗ ಸಣ್ಣಜ್ಜ ತಡೆದರು.

“ಒಂದ ನಿಮಿಷ ತಡೀರಿ. ಎಡಗೈಯಾಗ ಗಡಿಯಾರ ಇಲ್ಲದ ನಮ್ಮಣ್ಣ ಎಲ್ಲೂ ಹೋದಾಂವಲ್ಲ.”

ತಮ್ಮ ಟವೆಲಿನ ಅಂಚು ಹರಿದು, ಹುಲ್ಲಿನ ಆ ಕೈಗೆ ಎರಡು ಸುತ್ತು ಸುತ್ತಿ, ಬಿಗಿಯಾಗಿ ಗಂಟು ಹಾಕಿದರು. ಬಿಗಿಯಾಗಿದೆಯೋ ಇಲ್ಲವೋ ಎಂದು ಎಳೆದು ನೋಡಿದರು. ಅದನ್ನು ನೋಡಿದ ಮೇಲೆ ಸುಮ್ಮನಿರುವುದು ನನ್ನಿಂದ ಆಗಲಿಲ್ಲ. ಮೂರನೆಯ ದಿನ ಬೂದಿ ತುಂಬಿಕೊಂಡು ಬಂದು ಅವರು ಕಟ್ಟೆಯ ಮೇಲೆ ಕುಳಿತಿದ್ದಾಗ ಎಲ್ಲವನ್ನೂ ಹೇಳಿದೆ. ಚಿಕ್ಕೋಡಿಯ ಗರಗಸದಿಂದ ಹಿಡಿದು ಬೇವಿನ ಗಿಡದ ಕೆಳಗೆ “ಹೌದ್ರಿ” ಅಂದದ್ದರವರೆಗೆ.

ಅವರು ಬೂದಿಯ ಗಡಿಗೆಯನ್ನು ಪಕ್ಕಕ್ಕೆ ಸರಿಸಿಟ್ಟರು.

“ಅವತ್ತ ನೀವು ನನ್ನ ಬಾಜೂಕನ ನಿಂತಿದ್ರಿ.”

“ಹೌದ್ರಿ.”

“ಮಿರಜಿಗೆ ಹೋಗಾಗ ರೊಟ್ಟಿ ಕಟ್ಟಿ ಕೊಟ್ರಿ.”

“ಹೌದ್ರಿ.”

“ಪಂಢರಪುರಕ್ಕ ಹೋಗಾಗೂ ಕೊಟ್ರಿ.”

ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡರು. “ನಾಳೆ ಮುಂಜಾನೆ ತಯಾರಾಗ್ರಿ,” ಎಂದರು. “ಮಣ್ಣಾಗಿಂದ ತಗದು ಸುಡೂಣು.”

ಮರುದಿನ ಹೆಣ ಸಿಕ್ಕಿದ್ದ ಆ ಊರಿಗೆ ಹೋದೆವು. ಹಿಂದಿನ ಸಾಹೇಬರಿಗೆ ಯಾವಾಗಲೋ ವರ್ಗವಾಗಿತ್ತು. ಹೆಣ ಹೂಳುವ ಕೆಲಸ ಮಾಡುತ್ತಿದ್ದ ಮುದುಕರೊಬ್ಬರು ಸಿಕ್ಕಿದರು. ಅವರಿಗೆ ಕಣ್ಣು ಮಂದವಾಗಿತ್ತು. ನಮ್ಮನ್ನು ಹೊಳೆದಂಡೆಗೆ ಕರೆದುಕೊಂಡು ಹೋದರು.

“ಆ ಮಳಿಗಾಲದಾಗ ಮೂರೋ ನಾಕೋ ಮಂದೀನ್ನ ಇಟ್ಟೇವ್ರಿ. ಹೆಸರಿಲ್ಲದವರು. ಒಂದಕ್ಕೂ ಕಲ್ಲ ಇಡಲಿಲ್ಲ.”

“ಎಲ್ಲಿ ಇಟ್ರಿ, ಅಜ್ಜಾ?” ಎಂದು ಸಣ್ಣಜ್ಜ ಕೇಳಿದರು.

ಮುದುಕರು ಕೋಲಿನಿಂದ ನೀರನ್ನು ತೋರಿಸಿದರು. “ಅಲ್ಲಿ ತನಕ ದಂಡಿ ಇತ್ತ್ರಿ ಆವಾಗ. ಹೊಳಿ ಎರಡ ಸಲ ಬಂದು ಕೊರಕೊಂಡು ಹೋತು. ಈಗೇನ್ ಉಳದಿಲ್ಲ, ಎಪ್ಪಾ.”

ನೀರು ಕೆಂಪಗೆ ನಿಧಾನವಾಗಿ ಹರಿಯುತ್ತಿತ್ತು. ಈಚೆ ದಂಡೆಯವರೆಗೆ ಯಾರೋ ಕಬ್ಬು ನಾಟಿ ಮಾಡಿದ್ದರು. ಅಲ್ಲಿ ಮಲಗಿದ್ದವರು ಅಜ್ಜನೇ ಹೌದೋ ಅಲ್ಲವೋ, ಇನ್ನು ಯಾವತ್ತೂ ತಿಳಿಯುವಂತಿರಲಿಲ್ಲ. ನಾನು ತಂದಿದ್ದ ಹೂವನ್ನು ನೀರಿಗೆ ಬಿಡಲು ಹೋದೆ. ಸಣ್ಣಜ್ಜ, “ಬ್ಯಾಡ್ರಿ,” ಎಂದರು. ಅಷ್ಟೇ. ಹೂವನ್ನು ಮತ್ತೆ ಚೀಲದಲ್ಲಿಟ್ಟೆ.

ಹಿಂದಿರುಗುವಾಗ ಬಸ್ಸಿನಲ್ಲಿ ಅವರು ಎರಡು ಸೀಟು ಮುಂದೆ ಕುಳಿತರು. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ, ಅವರು ಜೊತೆಗಿದ್ದರೆ ನನ್ನ ಟಿಕೀಟು ನಾನು ತೆಗೆಸಿದವಳಲ್ಲ. ಕಂಡಕ್ಟರ್ ಅವರ ಹತ್ತಿರ ಬಂದು ಕೈಯಿಂದ ನನ್ನನ್ನು ತೋರಿಸಿ, “ಇಬ್ಬರದೂ ಕೂಡೇನ್ರಿ?” ಎಂದು ಕೇಳಿದ.

“ಒಂದ ಕೊಡ್ರಿ,” ಎಂದರು ಸಣ್ಣಜ್ಜ.

ಕಂಡಕ್ಟರ್ ನನ್ನ ಹತ್ತಿರ ಬಂದು ನಿಂತ. ಎಲ್ಲಿಗೆ ಎಂದು ಎರಡು ಸಲ ಕೇಳಿದ. ನನಗೆ ಊರಿನ ಹೆಸರು ಬಾಯಿಗೆ ಬರಲಿಲ್ಲ. ಮುಂದೆ ಕುಳಿತ ಸಣ್ಣಜ್ಜ ಹಿಂತಿರುಗಿ ನೋಡಲಿಲ್ಲ.